ನೆಗೆಟಿವ್ ಸ್ಕ್ಯಾನಿಗೆ ಯಾವ ಲೈಟು: ಟ್ರೇಸಿಂಗ್ ಪ್ಯಾಡ್, ಸಿಆರ್‌ಐ 95 ಪ್ಯಾನೆಲ್, ಮನೇಲಿ ಮಾಡಿದ ಆರ್‌ಜಿಬಿ ಬಾಕ್ಸ್

ಮೊದಲೇ ಹೇಳ್ಬಿಡ್ತೀನಿ, ಹಳೇ ನೆಗೆಟಿವ್ ಕೆಳಗೆ ಲೈಟ್ ಇಟ್ಟು ಕ್ಯಾಮೆರಾದಲ್ಲಿ ಫೋಟೋ ತೆಗೆದು ಸ್ಕ್ಯಾನ್ ಮಾಡೋಕೆ ನಾನೀಗ ದಿನಾ ಬಳಸ್ತಿರೋದು ಬೆಂಗಳೂರಿನ ಎಸ್‌ಪಿ ರೋಡಿಂದ ಎಲ್‌ಇಡಿ ತಂದು ಮನೇಲೇ ಮಾಡ್ಕೊಂಡ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೆಳಕಿನ) ಬಾಕ್ಸು. ಅದಕ್ಕೆ ಮುಂಚೆ ಎರಡು ಲೈಟಿಗೆ ದುಡ್ಡು ಹಾಕಿದೀನಿ, ಒಂದು ಪೂರ್ತಿ ದಂಡ, ಇನ್ನೊಂದು ಅರ್ಧ ಕೆಲಸಕ್ಕೆ ಈಗ್ಲೂ ಬೇಕು.

ಅಪ್ಪ ಹಾಸನದಲ್ಲಿ ಸ್ಟುಡಿಯೋ ಇಟ್ಟಿದ್ರು. ಅದು ಮುಚ್ಚಿದಾಗ ಒಂದು ಟ್ರಂಕ್ ತುಂಬ ನೆಗೆಟಿವ್ ಮನೆಗೆ ಬಂತು, ಸುಮಾರು 180 ರೋಲು. ಮುಕ್ಕಾಲು ಭಾಗ ಕಲರ್ ಮದುವೆ ರೋಲುಗಳು, ಅಡಿಯಲ್ಲಿ ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನವರ 'ಇಂದು' ಬ್ರಾಂಡಿನ ಬ್ಲಾಕ್ ಅಂಡ್ ವೈಟ್ ಒಂದಷ್ಟು, ಜೊತೆಗೆ ಸ್ವಲ್ಪ ಸ್ಲೈಡು (ನೇರವಾಗಿ ನಿಜ ಬಣ್ಣ ಕಾಣೋ ಫಿಲ್ಮು). ಅಪ್ಪ ಪ್ರಿಂಟ್ ಹಾಕ್ತಿದ್ದ ಎನ್‌ಲಾರ್ಜರ್ ಕಂಬಕ್ಕೇ ಕ್ಯಾಮೆರಾ ಕೂರಿಸಿ, ಮ್ಯಾಕ್ರೋ ಲೆನ್ಸ್ ಹಾಕಿ, ಎಫ್ 8, ಐಎಸ್‌ಒ 100ರಲ್ಲಿ ತೆಗೀತೀನಿ, ಮೂರೂ ಲೈಟಿಗೆ ಇದೇ ಸೆಟಪ್ಪು. ಪರೀಕ್ಷೆಗೆ ಆರಿಸ್ಕೊಂಡಿದ್ದು ಅಕ್ಕನ ಮದುವೆ ರೋಲು, 1994ರದ್ದು, ಯಾಕಂದ್ರೆ ಅದರಲ್ಲಿ ಅಮ್ಮ ಉಟ್ಟಿರೋ ಈರುಳ್ಳಿ ಬಣ್ಣದ ರೇಷ್ಮೆ ಸೀರೆ ಇನ್ನೂ ಬೀರುವಲ್ಲಿದೆ, ಮಾನಿಟರ್ ಪಕ್ಕ ಹರಡಿ ಹೋಲಿಸಿ ನೋಡಬಹುದು.

ಟ್ರೇಸಿಂಗ್ ಪ್ಯಾಡ್ 800 ರೂಪಾಯಿಗೆ ಸಿಕ್ತು, ಮಕ್ಕಳು ಚಿತ್ರ ಬರೆಯೋಕೆ ಇಟ್ಕೊಳ್ಳೋದು. ಬೆಳಕು ಕಮ್ಮಿ ಮಾಡಿದ ತಕ್ಷಣ ಫೋಟೋಲಿ ಅಡ್ಡಡ್ಡ ಪಟ್ಟೆ ಬಂತು. ಇಂಥ ಪ್ಯಾಡು ಬೆಳಕನ್ನ ನಿಜವಾಗಿ ಕಮ್ಮಿ ಮಾಡಲ್ಲ, ವೇಗವಾಗಿ ಆನ್ ಆಫ್ ಮಾಡುತ್ತೆ, ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಶಟರಿಗೆ ಗೊತ್ತಾಗುತ್ತೆ. ಶಟರ್ ಅರ್ಧ ಸೆಕೆಂಡಿಗೆ ಇಳಿಸಿದ್ರೆ ಪಟ್ಟೆ ಹೋಯ್ತು, ಆದ್ರೆ ಫ್ಯಾನ್ ತಿರುಗ್ತಿದ್ರೂ ಸಾಕು ಫೋಟೋ ಅಲುಗಾಡ್ತಿತ್ತು. ಇನ್ನು ಬಣ್ಣ, ಸೀರೆ ಇಟ್ಟಿಗೆ ಥರ ಆಯ್ತು, ಸರಿ ಮಾಡೋಕೆ ಹೋದ್ರೆ ಅಕ್ಕನ ಮುಖ ಹಸಿರು ತಿರುಗ್ತಿತ್ತು. ಎರಡು ವಾರ ಒದ್ದಾಡಿ ಬಿಟ್ಟೆ.

ಆಮೇಲೆ ತಗೊಂಡಿದ್ದು ಸಿಆರ್‌ಐ 95 (ಆ ಬೆಳಕಲ್ಲಿ ಬಣ್ಣ ಎಷ್ಟು ಸಹಜವಾಗಿ ಕಾಣುತ್ತೆ ಅನ್ನೋ ನಂಬರ್) ಅಂತ ಬರೆದಿದ್ದ ವಿಡಿಯೋ ಪ್ಯಾನೆಲ್, 3,500 ರೂಪಾಯಿ. ಪಟ್ಟೆ ಇಲ್ಲ, ಬೆಳಕು ಜಾಸ್ತಿ, ಸ್ಲೈಡುಗಳು ನಿಜವಾಗ್ಲೂ ಚೆನ್ನಾಗಿ ಬಂದ್ವು. ಕಲರ್ ನೆಗೆಟಿವ್‌ನಲ್ಲಿ ಸೀರೆ ಹತ್ತಿರ ಹತ್ತಿರ ಬಂತು, ಅಮ್ಮ ನೋಡಿ "ಹೊಸದಾಗಿದ್ದಾಗ್ಲೂ ಇಷ್ಟು ಕಂದು ಇರ್ಲಿಲ್ಲ ಕಣೋ" ಅಂದ್ರು. ಹಿಸ್ಟೋಗ್ರಾಂ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸೋ ಗ್ರಾಫ್) ತೆಗೆದು ನೋಡಿದ್ರೆ ಕೆಂಪು ಬಲಗಡೆ ತುದಿ ಮುಟ್ಟಿತ್ತು, ನೀಲಿ ಎಡಗಡೆ ಮೂಲೇಲಿ ಮುದುಡ್ಕೊಂಡಿತ್ತು.

ಇಲ್ಲೇ ನನಗೆ ವಿಷಯ ಅರ್ಥ ಆಗಿದ್ದು. ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ಮಾಸ್ಕ್, ಅಂದ್ರೆ ಫಿಲ್ಮಿಗೇ ಬೆರೆತಿರೋ ಛಾಯೆ ಇರುತ್ತಲ್ಲ, ಅದು ಕೆಂಪನ್ನ ಸಲೀಸಾಗಿ ಬಿಡುತ್ತೆ, ನೀಲೀನ ತಡೆಯುತ್ತೆ. ಬಿಳಿ ಲೈಟ್ ಹಾಕಿದ್ರೆ ಕೆಂಪು ಸುಡದ ಹಾಗೆ ಎಕ್ಸ್‌ಪೋಶರ್ ಇಡಬೇಕು, ಆಗ ನೀಲಿ ಚಾನೆಲ್ ಹಸಿದಿರುತ್ತೆ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ಅದನ್ನ ಎಳೆದಷ್ಟೂ ನಾಯ್ಸ್ (ಕಾಳು ಕಾಳು). ಇನ್ನೊಂದು, ಸಿಆರ್‌ಐ ಅನ್ನೋ ನಂಬರ್ ಮನುಷ್ಯನ ಕಣ್ಣಿಗೆ ಮಾಡಿದ್ದು, 8 ತಿಳಿ ಬಣ್ಣಗಳ ಸರಾಸರಿ, ಅದರಲ್ಲಿ ಕಡುಗೆಂಪು ಲೆಕ್ಕಕ್ಕೇ ಬರಲ್ಲ. ನೆಗೆಟಿವ್ ಮಾಡಿರೋದು ಕಣ್ಣು ನೋಡ್ಲಿ ಅಂತ ಅಲ್ಲ, ಪ್ರಿಂಟ್ ಪೇಪರ್ ನೋಡ್ಲಿ ಅಂತ. ಪೇಪರಿನ ಮೂರು ಪದರ ಬೆಳಕಿನ ಮೂರು ಬೇರೆ ಬೇರೆ ಭಾಗನ ನೋಡುತ್ವೆ. ಬಿಳಿ ಬೆಳಕಲ್ಲಿ ಮಧ್ಯದ ಹಳದಿ ಕಿತ್ತಳೆ ಎಲ್ಲಾ ಸೇರಿ ಫಿಲ್ಮಿನ ಎರಡೆರಡು ಡೈ (ಬಣ್ಣದ ಪದರ) ಮೂಲಕ ಒಟ್ಟಿಗೆ ಬರುತ್ತೆ, ಕ್ಯಾಮೆರಾದ ಫಿಲ್ಟರ್‌ಗಳೂ ಒಂದರ ಮೇಲೊಂದು ಹರಡಿರೋದ್ರಿಂದ ಬಣ್ಣ ಕಲಸಿಹೋಗುತ್ತೆ. ಅಪ್ಪನಿಗೆ ಹೇಳಿದ್ರೆ, "ನಾವೂ ಪ್ರಿಂಟ್ ಹಾಕುವಾಗ ಫಿಲ್ಟರ್ ಹಾಕಿ ಬೆಳಕನ್ನೇ ಅಲ್ವಾ ಬದಲಾಯಿಸ್ತಿದ್ದಿದ್ದು" ಅಂದ್ರು, ಅಷ್ಟೇ ವಿಷಯ.

ಹಾಗಾಗಿ ಆರ್‌ಜಿಬಿ. ಇದೇನು ಹೊಸ ಐಡಿಯಾ ಅಲ್ಲ, ನಿಕಾನ್ ಕೂಲ್‌ಸ್ಕ್ಯಾನ್ ಅನ್ನೋ ಫಿಲ್ಮ್ ಸ್ಕ್ಯಾನರ್‌ನಲ್ಲಿ ಬಿಳಿ ದೀಪ ಇಲ್ಲದೆ ಕೆಂಪು, ಹಸಿರು, ನೀಲಿ ಎಲ್‌ಇಡಿ, ಧೂಳು ಗುರುತಿಸೋಕೆ ಇನ್‌ಫ್ರಾರೆಡ್, ಇದೇ ಇದ್ದಿದ್ದು. ಆ ಸ್ಕ್ಯಾನರ್ ಈಗ ಹೊಸದು ಬರಲ್ಲ, ಹಳೇದಕ್ಕೆ ಕೇಳೋ ಬೆಲೆ ನನ್ನ ಕೈಗೆ ಎಟುಕಲ್ಲ.

ನನ್ನನ್ನ ತುಂಬಾ ಕಾಡಿದ್ದು ಬಣ್ಣ ಬೆರೆಯೋದು. ಮೂರು ಎಲ್‌ಇಡಿ ಮೂರು ಕಡೆ ಇರುತ್ವೆ, ಮೇಲೆ ಒಂದು ಹಾಲು ಬಿಳಿ ಆಕ್ರಿಲಿಕ್ ಇಟ್ಟೆ, ಬರಿಗಣ್ಣಿಗೆ ಒಂದೇ ಸಮ ಬಿಳಿ ಕಾಣ್ತಿತ್ತು. ಸ್ಕ್ಯಾನ್ ಮಾಡಿ ಇನ್ವರ್ಟ್ (ನೆಗೆಟಿವನ್ನ ಸಾಮಾನ್ಯ ಫೋಟೋ ಮಾಡೋದು) ಮಾಡಿದ್ರೆ ಚಪ್ಪರದ ಮೇಲಿನ ಆಕಾಶ ಎಡಗಡೆ ನಸುಗುಲಾಬಿ, ಬಲಗಡೆ ನಸುಹಸಿರು. ನೆಗೆಟಿವ್‌ನ ಕಾಂಟ್ರಾಸ್ಟ್ ಕಮ್ಮಿ ಇರುತ್ತೆ, ಇನ್ವರ್ಟ್ ಮಾಡುವಾಗ ಅದನ್ನ ಎಳೀತೀವಿ, ಲೈಟಿನ ಸಣ್ಣ ವ್ಯತ್ಯಾಸಾನೂ ಜೊತೆಗೇ ಎಳೆದು ದೊಡ್ಡದಾಗುತ್ತೆ. ಎರಡನೇ ಆಕ್ರಿಲಿಕ್ ಹಾಕ್ದೆ, ಬಟರ್ ಪೇಪರ್ ಹಾಕ್ದೆ, ಎಲ್‌ಇಡಿ ಹತ್ತಿರ ಹತ್ತಿರ ಅಂಟಿಸ್ದೆ, ಕಮ್ಮಿ ಆಯ್ತು, ಹೋಗ್ಲಿಲ್ಲ. ಕಡೆಗೆ ಎಲ್‌ಇಡಿಗಳನ್ನ ಫಿಲ್ಮ್ ಕಡೆಗಲ್ಲ, ಉಲ್ಟಾ ಬಾಕ್ಸಿನ ತಳದ ಕಡೆ ತಿರುಗಿಸ್ದೆ, ಒಳಗೆಲ್ಲ ಗೋಡೆಗೆ ಬಳಿಯೋ ಮ್ಯಾಟ್ ಬಿಳಿ ಪೇಂಟ್ ಎರಡು ಕೋಟ್ ಹೊಡೆದೆ, ಆಳ 6 ಇಂಚಿಂದ 9 ಇಂಚಿಗೆ ಏರಿಸ್ದೆ. ಬೆಳಕು ಗೋಡೆಯಿಂದ ಗೋಡೆಗೆ ಬಡಿದು ಪೂರ್ತಿ ಬೆರೆತು ಮೇಲೆ ಬರುತ್ತೆ. ಬೆಳಕು ಅರ್ಧಕ್ಕಿಂತ ಜಾಸ್ತಿ ನಷ್ಟ ಆಯ್ತು, ಆದ್ರೆ ಆಕಾಶ ಒಂದೇ ಬಣ್ಣ. ಉಳಿದ ಅಲ್ಪಸ್ವಲ್ಪಕ್ಕೆ ಪ್ರತಿ ರೋಲಿಗೆ ಮುಂಚೆ ಫಿಲ್ಮ್ ಇಲ್ಲದೆ ಬರೀ ಲೈಟಿನ ಒಂದು ಫೋಟೋ ತೆಗೆದು ಸಾಫ್ಟ್‌ವೇರ್‌ನಲ್ಲಿ ಸರಿದೂಗಿಸ್ತೀನಿ.

ಕೆಂಪಿನ ಆಯ್ಕೆಯಲ್ಲೂ ಒಂದು ಸಲ ಎಡವಿದೆ. ಅಲಂಕಾರದ ಆರ್‌ಜಿಬಿ ಸ್ಟ್ರಿಪ್‌ನಲ್ಲಿರೋ ಕೆಂಪು 625 ನ್ಯಾನೋಮೀಟರ್ ಆಸುಪಾಸು, ಫಿಲ್ಮಿನ ಸಯಾನ್ ಡೈ ಬೆಳಕನ್ನ ಚೆನ್ನಾಗಿ ಹೀರೋದು ಇನ್ನೂ ಕಡುಗೆಂಪಲ್ಲಿ. ಗಿಡ ಬೆಳೆಸೋಕೆ ಮಾರೋ 660ರ ಎಲ್‌ಇಡಿ ಹಾಕಿದ ಮೇಲೆ ಸೀರೆ ಸರಿಯಾಗಿ ಕೂತ್ಕೊಂಡಿದ್ದು. ಕ್ಯಾಮೆರಾ ಸೆನ್ಸರ್ ಮುಂದಿನ ಫಿಲ್ಟರ್ ಆ ಕೆಂಪನ್ನ ಸ್ವಲ್ಪ ತಿನ್ನುತ್ತೆ, 625ಕ್ಕಿಂತ ಕರೆಂಟ್ ಸ್ವಲ್ಪ ಜಾಸ್ತಿ ಕೊಟ್ರೆ ಸಾಕು. ಎಲ್‌ಇಡಿಗೆ ಕರೆಂಟ್ ಕೊಡೋ ಡ್ರೈವರ್ ಮಾತ್ರ ಕಾನ್‌ಸ್ಟಂಟ್ ಕರೆಂಟಿಂದೇ (ಆನ್ ಆಫ್ ಮಾಡದೆ ಒಂದೇ ಸಮ ಹರಿಸೋದು) ತಗೊಳ್ಳಿ, ಇಲ್ಲಾಂದ್ರೆ ಮತ್ತೆ ಅದೇ ಪಟ್ಟೆ.

ಈಗ ಮೂರೂ ಬಣ್ಣಕ್ಕೆ ಬೇರೆ ಬೇರೆ ನಾಬ್ ಇದೆ, ಖಾಲಿ ಫಿಲ್ಮ್ ತುದಿ ಇಟ್ಟು ಮೂರೂ ಚಾನೆಲ್ ಒಂದೇ ಜಾಗಕ್ಕೆ ಬರೋ ಹಾಗೆ ತಿರುಗಿಸ್ತೀನಿ, ನೀಲಿಗೆ ಜಾಸ್ತಿ ಕೆಂಪಿಗೆ ಕಮ್ಮಿ. ಕಿತ್ತಳೆ ಮಾಸ್ಕ್ ಲೈಟಲ್ಲೇ ಕಳೆದುಹೋಗುತ್ತೆ. ಇನ್ವರ್ಟ್ ಮಾಡಿ ಲೆವೆಲ್ಸ್ (ಕಪ್ಪು ಬಿಳುಪಿನ ಮಟ್ಟ) ಎಳೆದ್ರೆ ಮುಗೀತು, ಬಣ್ಣ ಸರಿಮಾಡೋ ಪ್ಲಗಿನ್ ಬೇಡ. ಪಕ್ಕದ ಬೆಳಕು ಲೆನ್ಸಿಗೆ ನುಗ್ಗದ ಹಾಗೆ ಫ್ರೇಮ್ ಸುತ್ತ ಕಪ್ಪು ಚಾರ್ಟ್ ಪೇಪರ್ ಕತ್ತರಿಸಿ ಇಡಿ. ಡೈ ಮಾಸಿಹೋಗಿರೋ ರೋಲಿಗೆ ಯಾವ ಲೈಟೂ ಬಣ್ಣ ವಾಪಸ್ ತರಲ್ಲ.

ಒಂದೊಂದು ಬಣ್ಣಕ್ಕೆ ಒಂದೊಂದು ಸಲ, ಹೀಗೆ ಮೂರು ಫೋಟೋ ತೆಗೆದು ಸೇರಿಸಿದ್ರೆ ಇನ್ನೂ ಶುದ್ಧವಾಗಿ ಬರುತ್ತೆ, ಮಾಡಿ ನೋಡಿದೀನಿ. 180 ರೋಲು, 36ರಂತೆ 6,480 ಫ್ರೇಮು, ಮೂರರಂತೆ 19,440 ಫೋಟೋ, ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಕೂರೋ ನನ್ನಂಥವನಿಗೆ ಆಗದ ಮಾತು. ಮೂರೂ ಒಟ್ಟಿಗೆ ಹಾಕಿ ಒಂದೇ ಕ್ಲಿಕ್ಕು, ತೀರಾ ಬೇಕಾದ ಫ್ರೇಮಿಗೆ ಮಾತ್ರ ಮೂರು.

ಸ್ಲೈಡಿಗೆ ಮಾತ್ರ ಆರ್‌ಜಿಬಿ ಬೇಡ, ಅದು ಕಣ್ಣು ನೋಡೋಕೇ ಮಾಡಿದ್ದು, ಸಿಆರ್‌ಐ ಪ್ಯಾನೆಲ್ಲೇ ಸರಿ. 'ಇಂದು' ಬ್ಲಾಕ್ ಅಂಡ್ ವೈಟ್ ಫಿಲ್ಮಿಗೆ ಬಾಕ್ಸಿನ ಹಸಿರು ಒಂದನ್ನೇ ಉರಿಸ್ತೀನಿ, ಲೆನ್ಸ್ ಅಂಚಲ್ಲಿ ಬಣ್ಣ ಒಡೆಯಲ್ಲ, ಹರಡಿದ ಬೆಳಕು ಆದ್ರಿಂದ ಗೀರುಗಳೂ ಕಮ್ಮಿ ಕಾಣುತ್ವೆ.

ಬಾಕ್ಸಿಗೆ ಒಟ್ಟು 2,600 ಆಯ್ತು, ಪ್ಯಾನೆಲ್‌ಗಿಂತ ಕಮ್ಮಿ, ಆದ್ರೆ ನಾಲ್ಕು ಭಾನುವಾರ ಹೋಯ್ತು. ಸೋಲ್ಡರಿಂಗ್ ಬರಲ್ಲ, 10 ರೋಲಷ್ಟೇ ಇದೆ ಅನ್ನೋರು ಪ್ಯಾನೆಲ್ ತಗೊಂಡು ಸಮಾಧಾನವಾಗಿ ಮಾಡಿ. ನನ್ನ ಹತ್ರ ಟ್ರಂಕ್ ತಳದಲ್ಲಿ ಅಪ್ಪನ 120 ಸೈಜಿನ (35 ಎಂಎಂಗಿಂತ ಅಗಲವಾದ) ನೆಗೆಟಿವ್‌ಗಳಿವೆ, ಈ ಬಾಕ್ಸಿನ ಬಾಯಿ 35 ಎಂಎಂಗಷ್ಟೇ ಸಾಲುತ್ತೆ. ನೇಮ್‌ಬೋರ್ಡ್ ಅಂಗಡೀಲಿ ದೊಡ್ಡ ಆಕ್ರಿಲಿಕ್ ಕತ್ತರಿಸೋಕೆ ಕೊಟ್ಟಿದೀನಿ, ಈ ಸಲ ಆಳ 12 ಇಂಚು ಇಡ್ತೀನಿ.