ಐದಕ್ಕೆ ಮೂರು ಸ್ಟಾರ್, ಅದೂ ಒಂದು ಕಾರ್ಡಿನ ದೆಸೆಯಿಂದ

ಪೆಟ್ಟಿಗೆ ಕೈಸೇರಿ ಮೂರು ವಾರವಾಯಿತು. ಬಂದ ದಿನವೇ ಬರೆಯಲು ಕೂತಿದ್ದರೆ ಐದಕ್ಕೆ ಐದೂ ಕೊಟ್ಟುಬಿಡುತ್ತಿದ್ದೆ. ಮುಚ್ಚಳ ತೆಗೆದರೆ ಕಡುಹಸಿರು ಮಖಮಲ್ಲು, ಅದರಲ್ಲಿ ಅಚ್ಚುಕಟ್ಟಾಗಿ ಕೊರೆದ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದು ವಸ್ತು. 27 ವರ್ಷದಿಂದ ಸ್ಕೌಟ್ ಮಾಸ್ಟರ್ ಆಗಿರುವವನಿಗೆ ಇಂಥದ್ದು ಕಂಡರೆ ಕೈ ನಿಲ್ಲುವುದಿಲ್ಲ. ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ ಅಂತ ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಇದು ಯುದ್ಧಕಾಲದಲ್ಲಿ ಸ್ಕೌಟ್ ಮಕ್ಕಳು ಮಾಡಿದ ಸೇವೆಯ ನೆನಪಿಗೆ ಒಂದು ಆನ್‌ಲೈನ್ ಅಂಗಡಿ ಮಾಡಿರುವ ಪ್ರತಿಕೃತಿಗಳ ಸೆಟ್. ಒಳಗೆ ಇರುವುದು ಇಷ್ಟು: ಮಾಫೆಕಿಂಗ್ ಮುತ್ತಿಗೆಯ ಅಂಚೆಚೀಟಿ ಎರಡು, ಮೊದಲ ಮಹಾಯುದ್ಧದ ಸೇವಾ ಬ್ಯಾಡ್ಜ್ ಒಂದು, ಕಾರ್ನ್‌ವೆಲ್ ಬ್ಯಾಡ್ಜ್ ಒಂದು, ವಾರ್ಸಾ ದಂಗೆಯ ಸ್ಕೌಟ್ ಅಂಚೆಯ ಖಾಲಿ ಕಾರ್ಡು ಹತ್ತು, ಜೊತೆಗೆ 24 ಪುಟದ ಕೈಪಿಡಿ. ಅಂಗಡಿಯ ಹೆಸರು ಬರೆಯುತ್ತಿಲ್ಲ. ಕೈಪಿಡಿಯ ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸಿದೆ, ತಿದ್ದುತ್ತೇವೆ ಅಂದಿದ್ದಾರೆ. ಮಾತು ಉಳಿಸಿಕೊಳ್ಳಲಿ, ಆಮೇಲೆ ಹೆಸರು ಹೇಳೋಣ.

ಮೊದಲು ಅಂಚೆಚೀಟಿ. ದಕ್ಷಿಣ ಆಫ್ರಿಕದ ಮಾಫೆಕಿಂಗ್ ಊರನ್ನು ಬೋಯರರು (ಅಲ್ಲಿ ನೆಲೆಸಿದ್ದ ಡಚ್ ಮೂಲದವರು) 1899ರ ಅಕ್ಟೋಬರ್ 13ರಿಂದ 1900ರ ಮೇ 17ರವರೆಗೆ, ಒಟ್ಟು 217 ದಿನ ಮುತ್ತಿದ್ದರು. ಊರೊಳಗಿನ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೇಡನ್ ಪೊವೆಲ್, ಅಂದರೆ ಮುಂದೆ ಸ್ಕೌಟಿಂಗ್ ಹುಟ್ಟುಹಾಕಿದ ನಮ್ಮ ಬಿ.ಪಿ. ಬಂದೂಕು ಹಿಡಿಯಬಲ್ಲ ಗಂಡಸರೆಲ್ಲ ಕಂದಕಕ್ಕೆ ಹೋದ ಮೇಲೆ ಓಲೆ ಮುಟ್ಟಿಸುವ ಕೆಲಸಕ್ಕೆ ಊರಿನ ಹುಡುಗರನ್ನು ಹಚ್ಚಿದರು. ಖಾಕಿ ಹಾಕಿಕೊಂಡ ಈ ಕೆಡೆಟ್‌ಗಳು ಮೊದಮೊದಲು ಕತ್ತೆ ಏರಿ ಓಡಾಡಿದರು. ಮೇವು ತೀರಿತು, ಕತ್ತೆಗಳೂ ಊಟದ ತಟ್ಟೆ ಸೇರಿದವು. ಆಮೇಲೆ ಸೈಕಲ್ಲು. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಊರೊಳಗೇ ಅಂಚೆಚೀಟಿ ಅಚ್ಚು ಹಾಕಿದಾಗ ಒಂದು ಪೆನ್ನಿ ಚೀಟಿಯ ಮೇಲೆ ಬಂದದ್ದು ಇಂಥ ಒಬ್ಬ ಹುಡುಗ: ಕೆಡೆಟ್ ಸಾರ್ಜೆಂಟ್ ಮೇಜರ್ ವಾರ್ನರ್ ಗುಡ್‌ಇಯರ್, ಸೈಕಲ್ ಸಮೇತ. ಮೂರು ಪೆನ್ನಿಯದರ ಮೇಲೆ, ರಾಣಿ ವಿಕ್ಟೋರಿಯಾಳ ಮುಖ ಇರಬೇಕಾದ ಜಾಗದಲ್ಲಿ, ಬಿ.ಪಿ. ಮುಖ.

ಅಸಲಿ ಚೀಟಿ ನೀಲಿ ಯಾಕೆ ಅನ್ನುವುದರಲ್ಲೇ ಅದರ ಕಥೆಯೆಲ್ಲ ಇದೆ. ಮುತ್ತಿಗೆಯೊಳಗೆ ಸರಿಯಾದ ಅಚ್ಚುಕೂಟದ ಸೌಕರ್ಯವಿರಲಿಲ್ಲ. ಎಂಜಿನಿಯರುಗಳು ಕಟ್ಟಡದ ನಕ್ಷೆ ತೆಗೆಯುವ ಬ್ಲೂಪ್ರಿಂಟ್ ವಿಧಾನದಲ್ಲಿ, ಫೋಟೊ ತೆಗೆದ ಹಾಗೆ ಈ ಚೀಟಿ ತೆಗೆದರು. ಆ ನೀಲಿ ಕಾಗದದೊಳಗೆ ಇಳಿದ ನೀಲಿ, ಅಂಚುಗಳೆಲ್ಲ ಸ್ವಲ್ಪ ಮಸುಕು. ಪೆಟ್ಟಿಗೆಯಲ್ಲಿ ಬಂದದ್ದು ಮದುವೆ ಕಾಗದದ ಹಾಗೆ ಮಿರಮಿರ ಹೊಳೆಯುತ್ತದೆ. ಸೈಕಲ್ಲಿನ ಕಡ್ಡಿ ಎಣಿಸಬಹುದು, ಅಷ್ಟು ಚೊಕ್ಕ. ನಕಲು ಮಾಡುವವರು ಬಡತನವನ್ನೂ ನಕಲು ಮಾಡಬೇಕಿತ್ತು. ಇದಕ್ಕೆ ಅರ್ಧ ಸ್ಟಾರ್ ಕಳೆದೆ.

ಇನ್ನರ್ಧ ಹೋದದ್ದು ಕೈಪಿಡಿಗೆ. ಅದರ ಪ್ರಕಾರ ಬಿ.ಪಿ. ಮಾಫೆಕಿಂಗ್‌ನಲ್ಲಿ 'ಜಗತ್ತಿನ ಮೊದಲ ಸ್ಕೌಟ್ ಟ್ರೂಪ್' ಕಟ್ಟಿದರಂತೆ. ಆ ಹುಡುಗರನ್ನು ಒಗ್ಗೂಡಿಸಿದ್ದು ಅವರ ಕೈಕೆಳಗಿನ ಅಧಿಕಾರಿ ಲಾರ್ಡ್ ಎಡ್ವರ್ಡ್ ಸೆಸಿಲ್. ಆ ಹುಡುಗರು ಕೆಡೆಟ್‌ಗಳು. ಸ್ಕೌಟ್ ಅನ್ನುವುದು ಹುಟ್ಟಿದ್ದು ಏಳು ವರ್ಷ ಕಳೆದು, 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಶಿಬಿರದಲ್ಲಿ. ಬಿ.ಪಿ. ತಮ್ಮ 1908ರ ಪುಸ್ತಕದಲ್ಲಿ ಮಾಫೆಕಿಂಗ್ ಹುಡುಗರನ್ನು ಮಾದರಿಯಾಗಿ ನೆನೆದದ್ದು ನಿಜ. ಗುಂಡು ಬೀಳುವಾಗ ಹೀಗೆ ಓಡಾಡಿದರೆ ಒಂದು ದಿನ ತಗುಲೀತು ಎಂದು ಬಿ.ಪಿ. ಹೇಳಿದಾಗ, ನನ್ನ ಪೆಡಲ್ ವೇಗಕ್ಕೆ ಗುಂಡು ಎಟುಕದು ಎಂದ ಹುಡುಗನ ಪ್ರಸಂಗ ಅಲ್ಲೇ ಬರುವುದು. ಕ್ಯಾಂಪ್‌ಫೈರ್ ಮುಂದೆ ನಾನೂ ಅದನ್ನು ಎಷ್ಟು ಸಲ ಹೇಳಿದ್ದೇನೋ! ಹೇಳಿದಾಗೆಲ್ಲ ಮಕ್ಕಳು ನಗುತ್ತಾರೆ. ಆ ಹುಡುಗನ ತಾಯಿ ಅದನ್ನು ಕೇಳಿಸಿಕೊಂಡಿದ್ದಳೇ ಎಂದು ನನಗೆ ಹೊಳೆದದ್ದು ಈ ಚೀಟಿಯನ್ನು ಅಂಗೈ ಮೇಲೆ ಇಟ್ಟುಕೊಂಡಾಗ.

ಅದೇ ಮುತ್ತಿಗೆಯಲ್ಲಿ ಹಸಿವಿಗೆ ಹೆಚ್ಚು ಬಲಿಯಾದವರು ಕರಿಯರು. ಊರಿಗೆ ಹೊಂದಿಕೊಂಡೇ ಬರೊಲಾಂಗ್ ಜನರ ಕೇರಿಯಿತ್ತು. ನ್ಯಾಯಾಲಯದ ದುಭಾಷಿ ಸಾಲ್ ಪ್ಲಾಟ್ಯೆ ಅಲ್ಲಿದ್ದುಕೊಂಡು ದಿನಚರಿಯನ್ನೇ ಬರೆದಿಟ್ಟಿದ್ದಾರೆ. 24 ಪುಟದಲ್ಲಿ ಇವರಿಗೆ ಒಂದು ಸಾಲು ಸಿಕ್ಕಿಲ್ಲ.

ಎರಡನೆಯದು ಯುದ್ಧಸೇವಾ ಬ್ಯಾಡ್ಜ್. ಹೊಲಿಗೆ ಗಟ್ಟಿ, ಅಂಚಿನ ದಾರ ಎದ್ದಿಲ್ಲ, ಬಣ್ಣ ಬಿಟ್ಟಿಲ್ಲ (ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡಿದೆ). ಆದರೆ ಕೈಪಿಡಿ '28 ದಿನದ ಸೇವೆಗೆ ಕೊಡುತ್ತಿದ್ದರು' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಟ್ರೂಪ್ ಮೀಟಿಂಗ್‌ನಲ್ಲಿ ಮೊದಲು ಬಂದ ಪ್ರಶ್ನೆಯೇ ಅದು: "ಸರ್, 28 ದಿನ ಏನು ಮಾಡ್ಬೇಕಿತ್ತು?" 1914ರ ಆಗಸ್ಟ್ 4ರಂದು ಬ್ರಿಟನ್ ಯುದ್ಧ ಸಾರಿತು. ಕೂಡಲೇ ಸ್ಕೌಟುಗಳು ರೈಲು ಸೇತುವೆ, ಟೆಲಿಗ್ರಾಫ್ ತಂತಿ ಕಾಯಲು ನಿಂತರು, ಆಸ್ಪತ್ರೆಗಳಲ್ಲಿ ಓಡಾಡಿದರು, ಕಚೇರಿಗಳಿಗೆ ಓಲೆ ಹೊತ್ತರು. ಕರಾವಳಿ ಕಾವಲಿನವರು ನೌಕಾಪಡೆಗೆ ಹೋದ ಕಡೆಗಳಲ್ಲಿ ಸೀ ಸ್ಕೌಟುಗಳು ಸಮುದ್ರ ಕಾದರು. ವೈಮಾನಿಕ ದಾಳಿ ಮುಗಿಯಿತೆಂದು ಲಂಡನ್ನಿನ ಬೀದಿಗಳಲ್ಲಿ ಬ್ಯೂಗಲ್ ಊದಿದರು. 28 ದಿನ ಸಂಬಳವಿಲ್ಲದೆ ದುಡಿದವನಿಗೆ ಬ್ಯಾಡ್ಜ್. ಇಷ್ಟನ್ನು ನಾನೇ ಹೇಳಬೇಕಾಯಿತು. ದುಡ್ಡು ಕೊಟ್ಟು ಕೈಪಿಡಿ ಕೊಂಡದ್ದು ಯಾಕೆ?

'ಸ್ಕೌಟುಗಳು ಎಂದೂ ಬಂದೂಕು ಮುಟ್ಟಲಿಲ್ಲ' ಎಂಬ ಸಾಲೂ ಅದರಲ್ಲಿದೆ. 1914ರ ಕೊನೆಗೆ ಸ್ಕೌಟ್ಸ್ ಡಿಫೆನ್ಸ್ ಕೋರ್ ಎಂದು ಶುರುವಾಗಿ, 15ರಿಂದ 17ರ ವಯಸ್ಸಿನ ಹುಡುಗರಿಗೆ ಗುರಿ ಹೊಡೆಯಲು ಕಲಿಸಿ, ಟೋಪಿಗೆ ಕೆಂಪು ಗರಿ ಸಿಕ್ಕಿಸಿದ್ದು ಇವರಿಗೆ ಗೊತ್ತಿಲ್ಲವೇ, ಅಥವಾ ಗೊತ್ತಿದ್ದೂ ಬಿಟ್ಟರೇ? ಸ್ಕೌಟಿಂಗ್ ಸೈನ್ಯದ ವಾಸನೆ ಹಿಡಿಯುತ್ತಿದೆ ಎಂದು 1909ರಲ್ಲೇ ಜಗಳ ತೆಗೆದು ಹೊರಬಿದ್ದ ಸರ್ ಫ್ರಾನ್ಸಿಸ್ ವೇನ್ ಕೂಡ ಕಾಣೆ. ಯುದ್ಧ ಬೇಕೋ ಬೇಡವೋ ಎಂಬ ಜಗಳ ನಮ್ಮ ಚಳವಳಿಯೊಳಗೇ ಹುಟ್ಟಿದ್ದು, ಹೊರಗಿನವರು ತಂದು ಹಾಕಿದ್ದಲ್ಲ. ಅದನ್ನು ಮಕ್ಕಳಿಗೆ ಹೇಳಿದರೆ ಯಾರ ಸ್ಕಾರ್ಫೂ ಕೊಳೆಯಾಗುವುದಿಲ್ಲ.

ಹುಡುಗಿಯರ ಸುದ್ದಿಯಂತೂ ಈ ಭಾಗದಲ್ಲಿ ಶೂನ್ಯ. ನಮ್ಮ ಗೈಡ್ಸ್ ಪೆಟ್ರೋಲ್ ಲೀಡರ್, ಅಂದರೆ ಹುಡುಗಿಯರ ಸಣ್ಣ ತಂಡದ ನಾಯಕಿ, ಪುಟ ತಿರುವಿ ತಿರುವಿ, "ನಮ್ಮೋರು ಏನೂ ಮಾಡ್ಲಿಲ್ವಾ ಸರ್?" ಅಂದಳು. ಬ್ರಿಟಿಷ್ ಗುಪ್ತಚರ ಇಲಾಖೆ ಎಂಐ5 ಮೊದಲು ಹುಡುಗ ಸ್ಕೌಟುಗಳನ್ನೇ ಓಲೆಕಾರರನ್ನಾಗಿ ಇಟ್ಟುಕೊಂಡಿತ್ತು, ಕೆಲಸವಿಲ್ಲದ ಹೊತ್ತಿನಲ್ಲಿ ಅವರ ಕಿತಾಪತಿ ತಡೆಯಲಾಗದೆ ಕಳಿಸಿ, ಆ ಜಾಗಕ್ಕೆ ಗರ್ಲ್ ಗೈಡ್‌ಗಳನ್ನು ತಂದಿತು ಎಂದು ಹೇಳಿದೆ. ಆ ಸಂಜೆ ಹುಡುಗರ ಕಡೆಯಿಂದ ಸದ್ದೇ ಇಲ್ಲ.

ಮೂರನೆಯದಕ್ಕೆ ನನ್ನ ದೊಡ್ಡ ತಕರಾರು. ಕಾರ್ನ್‌ವೆಲ್ ಬ್ಯಾಡ್ಜ್ ಎಂದರೆ ಕಂಚಿನ 'ಸಿ' ಅಕ್ಷರ, ನಡುವೆ ಸ್ಕೌಟ್ ಚಿಹ್ನೆಯಾದ ಲಿಲ್ಲಿ ಹೂ. ಎರಕ ಬಹಳ ಚೆನ್ನಾಗಿದೆ, ತೂಕವೂ ಇದೆ. ಹಿಂದೆ ತಿರುಗಿಸಿದರೆ ಪಿನ್ನು! ಶರ್ಟಿಗೆ ಚುಚ್ಚಿಕೊಳ್ಳಲು! ಗಳಿಸದ ಬ್ಯಾಡ್ಜ್ ಧರಿಸಬಾರದು ಎಂದು ನಾವು ಮೊದಲ ತಿಂಗಳಲ್ಲೇ ಕಲಿಸುತ್ತೇವೆ. ಇದೋ, ಸ್ಕೌಟುಗಳಲ್ಲಿ ಅಸಾಧಾರಣ ಧೈರ್ಯಕ್ಕೆ, ನೋವು ಸಹಿಸಿದ್ದಕ್ಕೆ ಕೊಟ್ಟದ್ದು.

ಅದರ ಹಿಂದಿರುವ ಹುಡುಗ ಜ್ಯಾಕ್ ಕಾರ್ನ್‌ವೆಲ್, ಪೂರ್ವ ಲಂಡನ್ನಿನ ಸ್ಕೌಟ್. 1916ರ ಮೇ 31ರಂದು ಜಟ್‌ಲೆಂಡ್ ನೌಕಾಯುದ್ಧದಲ್ಲಿ ಚೆಸ್ಟರ್ ಹಡಗಿನ ತೋಪಿನ ಪಕ್ಕ ಗುರಿ ಹೊಂದಿಸುವ ಕೆಲಸದಲ್ಲಿದ್ದ. ವಯಸ್ಸು 16. ಸುತ್ತಲಿನವರು ಸತ್ತು, ಗಾಯಗೊಂಡು ಬಿದ್ದ ಮೇಲೂ, ತನಗೆ ಏಟು ಬಿದ್ದಿದ್ದರೂ, ಆಜ್ಞೆಗೆ ಕಾಯುತ್ತ ನಿಂತೇ ಇದ್ದ. ಜೂನ್ 2ರಂದು ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಅವನ ತಾಯಿಯ ಕೈಗೆ ಬಂತು.

ಕೈಪಿಡಿ ಇಲ್ಲಿಗೆ ಮುಗಿಸಿ, ಎದುರು ಪುಟದಲ್ಲಿ ಹಳೆಯ ವರ್ಣಚಿತ್ರವೊಂದನ್ನು ತುಂಬುಪುಟ ಹಾಕಿದೆ. ಚಿತ್ರಕಾರ ಫ್ರಾಂಕ್ ಸ್ಯಾಲಿಸ್‌ಬರಿಯ ಮುಂದೆ ಕೂತದ್ದು ಜ್ಯಾಕ್‌ನ ಸಹೋದರ ಎಂಬುದು ಅಡಿಬರಹದಲ್ಲಿಲ್ಲ. ಹುಡುಗನನ್ನು ಮೊದಲು ಲಂಡನ್ನಿನ ಮ್ಯಾನರ್ ಪಾರ್ಕ್ ಸ್ಮಶಾನದಲ್ಲಿ ಬಡವರ ಗುಂಡಿಯಲ್ಲಿ ಮಣ್ಣು ಮಾಡಿದ್ದು, ಪತ್ರಿಕೆಗಳಲ್ಲಿ ಗದ್ದಲವೆದ್ದ ಮೇಲೆ ಹೊರತೆಗೆದು ಜುಲೈ 29ರಂದು ಅದೇ ಸ್ಮಶಾನದಲ್ಲಿ ಮೆರವಣಿಗೆ ಸಮೇತ ಮತ್ತೆ ಹೂಳಿದ್ದು, ಅಪ್ಪ ಅದೇ ಅಕ್ಟೋಬರಿನಲ್ಲಿ ಹೋದದ್ದು, ತಾಯಿ 1919ರಲ್ಲಿ ಬಡತನದಲ್ಲೇ ಕಣ್ಣುಮುಚ್ಚಿದ್ದು, ಇದ್ಯಾವುದೂ ಇಲ್ಲ. ಆ ತೋಪು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಇದೆ. ಕಂಚಿನ ಪ್ರತಿಕೃತಿ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕಟಿಂಗ್ ಪ್ಲೇಯರ್ ತಂದು ಪಿನ್ನು ಕತ್ತರಿಸಿದ ಮೇಲೆಯೇ ಮಕ್ಕಳ ಕೈಗೆ ಕೊಟ್ಟದ್ದು. ಒಂದು ಪೂರ್ತಿ ಸ್ಟಾರ್ ಅಲ್ಲಿ ಹೋಯಿತು.

ಇನ್ನು ಕಾರ್ಡು. ಮಖಮಲ್ಲಿನ ಅಡಿಯಲ್ಲಿ, ರಬ್ಬರ್ ಬ್ಯಾಂಡ್ ಹಾಕಿ ತುರುಕಿದ್ದರು. ಮೊದಲ ದಿನ ನಾನು ಗಮನಿಸಿರಲೇ ಇಲ್ಲ. ಒರಟು, ತೆಳು, ಹಳದಿಗಟ್ಟಿದಂಥ ಕಾಗದ, ಮೂಲೆಯಲ್ಲಿ ಲಿಲ್ಲಿಯ ಮುದ್ರೆ, ಅದೂ ಸ್ವಲ್ಪ ಕಲಸಿದ ಹಾಗೆ. ಅಂಚೆಚೀಟಿಯಲ್ಲಿ ಎಡವಿದವರು ಇಲ್ಲಿ ಮಾತ್ರ ಸರಿಯಾಗಿ ಹಿಡಿದಿದ್ದಾರೆ.

ಪೋಲೆಂಡಿನ ಮೇಲೆ ಜರ್ಮನರು ದಂಡೆತ್ತಿ ಬಂದ ಮೇಲೆ ಅಲ್ಲಿನ ಸ್ಕೌಟುಗಳು 1939ರ ಸೆಪ್ಟೆಂಬರ್ 27ರಂದು 'ಬೂದು ಸಾಲುಗಳು' ಎಂಬ ಗುಟ್ಟಿನ ಹೆಸರಲ್ಲಿ ಭೂಗತರಾದರು. 12ರಿಂದ 14ರ ಮಕ್ಕಳದೇ ಬೇರೆ ತಂಡ, ಅವರಿಗೆ ಹೋರಾಟದ ಕೆಲಸವಿಲ್ಲ. 1944ರ ಆಗಸ್ಟ್ 1ರಂದು ವಾರ್ಸಾ ನಗರ ದಂಗೆಯೆದ್ದಿತು, 63 ದಿನ ಕಾದಿತು. ಬೀದಿ ಬೀದಿಗೂ ಸಂಪರ್ಕ ಕಡಿದುಹೋದಾಗ ಆಗಸ್ಟ್ 6ರಿಂದ ಸ್ಕೌಟ್ ಅಂಚೆ ಶುರುವಾಯಿತು. ಪತ್ರಕ್ಕೆ 25 ಪದದ ಮಿತಿ, ಯುದ್ಧದ ಸುದ್ದಿ ಬರೆಯುವ ಹಾಗಿಲ್ಲ, ಕಾಸೂ ಇಲ್ಲ. ಕುಸಿದ ಗೋಡೆಗಳ ಸಂದಿಯಲ್ಲಿ ಮಕ್ಕಳು ಹೊತ್ತು ಓಡುತ್ತಿದ್ದದ್ದು 'ಬದುಕಿದ್ದೇನೆ' ಎನ್ನುವ ಇಂಥ ಚೀಟಿಗಳನ್ನು. ಅಂಥ ಮಕ್ಕಳಿಗೆಂದು ವಾರ್ಸಾದಲ್ಲಿ 1983ರಲ್ಲಿ ನಿಲ್ಲಿಸಿದ ಪ್ರತಿಮೆಯ ಪಟ ಕೈಪಿಡಿಯಲ್ಲಿದೆ. ಹೆಲ್ಮೆಟ್ ಕಣ್ಣ ಮೇಲೆ ಜಾರುವಷ್ಟು ದೊಡ್ಡದು. ಪುಟದ ಅಡಿಗೆ, ಇರುವೆಯಂಥ ಅಕ್ಷರದಲ್ಲಿ, ಕೊನೆಗೂ ಒಬ್ಬ ಹುಡುಗಿಯ ಹೆಸರು: ಪೋಲಿಷ್ ಪ್ರತಿರೋಧದ ಲಂಗರು ಚಿಹ್ನೆಯನ್ನು ಬರೆದ ಗೈಡ್ ಆನ್ನಾ ಸ್ಮೊಲೆನ್‌ಸ್ಕಾ, 1943ರಲ್ಲಿ ನಾಜಿಗಳ ಆಶ್‌ವಿಟ್ಸ್ ಸೆರೆಶಿಬಿರದಲ್ಲಿ ಸತ್ತವಳು. ನಮ್ಮ ಪೆಟ್ರೋಲ್ ಲೀಡರ್ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾಳೆ.

ಅಂಗಡಿಯವರ ವರ್ತನೆ ಮಧ್ಯಮ. ಮೊದಲ ದೂರಿಗೆ ಕೂಪನ್ ಕೋಡ್ ಬಂತು, ಎರಡನೆಯದಕ್ಕೂ ಅದೇ ಕೋಡ್, ಮೂರನೆಯದಕ್ಕೆ ಮನುಷ್ಯರೊಬ್ಬರು ಉತ್ತರ ಬರೆದರು. ಪ್ಯಾಕಿಂಗ್ ಭದ್ರ. ಮಖಮಲ್ಲಿನ ಅಂಟು ಒಂದು ವಾರ ನಾರಿತು. ಟ್ರೂಪಿಗಾಗಿ ಕೊಳ್ಳುವವರು ಕಾರ್ಡುಗಳನ್ನು ಬಿಡಿಯಾಗಿ ಕೊಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ 32 ಮಕ್ಕಳು, ಪೆಟ್ಟಿಗೆಯಲ್ಲಿ ಹತ್ತೇ ಕಾರ್ಡು. ಉಳಿದವರಿಗೆ ಹಳೆಯ ರಿಜಿಸ್ಟರ್ ಹಾಳೆ ಕತ್ತರಿಸಿ ಕೊಟ್ಟೆ.

ಮನೆಗೆ ಬರೆಯಿರಿ, ಎಲ್ಲಿದ್ದೀರಿ ಅಂತ ಹೇಳಬಾರದು, 25 ಪದ ದಾಟಬಾರದು ಎಂದೆ. 'ಬಂದುಬಿಡುತ್ತೇನೆ' ಒಂದು ಪದವೋ ಎರಡೋ ಎಂದು ಎರಡು ಪೆಟ್ರೋಲ್‌ಗಳ ನಡುವೆ ದೊಡ್ಡ ವ್ಯಾಜ್ಯವಾಯಿತು. ಒಬ್ಬ ಜಾಣ ಸಿಕ್ಕಿದ್ದಕ್ಕೆಲ್ಲ ಸಂಧಿ ಮಾಡಿ ಮೂವತ್ತು ಪದದ ಮಾತನ್ನು ಹದಿನೆಂಟಕ್ಕೆ ಇಳಿಸಿದ. ಎಲ್ಲರಿಗಿಂತ ಚಿಕ್ಕವನು ಮಾತ್ರ ಬೇಗ ಮುಗಿಸಿ ಎದ್ದು ಬಂದು ಕಾರ್ಡು ತೋರಿಸಿದ. 'ಅಮ್ಮಾ, ನಾನು ಊಟ ಮಾಡಿದೆ. ನೀನು?' ಎಂದಿತ್ತು. ಇನ್ನೂ ಇಪ್ಪತ್ತು ಪದ ಉಳಿದಿವೆಯಲ್ಲೋ ಎಂದೆ. ಹಾಗಾದರೆ ಅದನ್ನು ಪಕ್ಕದವನಿಗೆ ಕೊಡಬಹುದಾ ಸರ್, ಅವನಿಗೆ ಸಾಲುತ್ತಿಲ್ಲ ಎಂದ.