ಏರ್ ರೈಫಲ್ಲೋ, ಏರ್ ಪಿಸ್ತೂಲೋ?

ಮೈಸೂರಿನಲ್ಲಿ ಗುರಿ ಶೂಟಿಂಗನ್ನು ಹವ್ಯಾಸವಾಗಿ ಆರಂಭಿಸುವವರು ಮೊದಲು ತೀರ್ಮಾನಿಸಬೇಕಾದದ್ದು 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ರೈಫಲ್ಲೋ, ಏರ್ ಪಿಸ್ತೂಲೋ ಎಂಬುದನ್ನು. ಒತ್ತಿದ ಗಾಳಿಯ ಬಲದಿಂದ ಹಾರುವ ಪುಟ್ಟ ಲೋಹದ ಗುಂಡು, ಅಂದರೆ ಪೆಲೆಟ್, ಎರಡಕ್ಕೂ 4.5 ಮಿ.ಮೀ.ಯದೇ. ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕಿ ಕೇವಲ 0.5 ಮಿ.ಮೀ. ಇದ್ದರೆ ಪಿಸ್ತೂಲಿನದು 11.5 ಮಿ.ಮೀ.; ಹಾಗೆಂದು ಪಿಸ್ತೂಲನ್ನು ಸುಲಭವೆಂದು ಭಾವಿಸುವುದು ತಪ್ಪು, ಏಕೆಂದರೆ ಅದನ್ನು ಯಾವ ಆಸರೆಯೂ ಇಲ್ಲದೆ ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕು.

ಮೈಗೆ ತಕ್ಕಂತೆ ಹೊಂದಿಸಿಕೊಳ್ಳುವ ಅವಕಾಶ ರೈಫಲ್ಲಿನಲ್ಲಿ ಹೆಚ್ಚು: ಕೆನ್ನೆ ಆನಿಸುವ ಪಟ್ಟಿ, ಭುಜಕ್ಕೊತ್ತುವ ಬಟ್ ಪ್ಲೇಟ್, ಬ್ಯಾರೆಲ್ಲಿನ ತೂಕಗಳು ಎಲ್ಲವನ್ನೂ ಅಲೆನ್ ಕೀಲಿಯಿಂದ (ಆರು ಮೂಲೆಯ ಸ್ಕ್ರೂ ತಿರುಗಿಸುವ ಸಲಕರಣೆ) ಸರಿಸಬಹುದು, ಒಟ್ಟು ತೂಕ ಮಾತ್ರ 5.5 ಕಿ.ಗ್ರಾಂ. ಮೀರಬಾರದು. 1.5 ಕಿ.ಗ್ರಾಂ. ಮಿತಿಯ ಪಿಸ್ತೂಲಿನಲ್ಲಿ ಗಮನವೆಲ್ಲ ಮರದ ಹಿಡಿಕೆಯ ಮೇಲೆ. ಬೀಟೆಮರದ ಕುಸುರಿ ಕಂಡ ಊರಿನವನಾದ ನನಗೆ, ಹೆಬ್ಬೆರಳ ಬುಡ ಕೂರುವಲ್ಲಿ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಜ್ಜುಕಾಗದದಿಂದ ಕೂದಲೆಳೆಯಷ್ಟೇ ತಿಕ್ಕಿ, ಮತ್ತೆ ಹಿಡಿದು ನೋಡುವ ಆ ಸಂಜೆಗಳೇ ಹೆಚ್ಚು ಪ್ರಿಯ.

ರೈಫಲ್ಲಿಗೆ ದಪ್ಪ ಕ್ಯಾನ್ವಾಸಿನ ಜಾಕೆಟ್, ಪ್ಯಾಂಟು, ಬೂಟುಗಳ ಖರ್ಚು ಬೇರೆ. ಏಪ್ರಿಲ್ ಸೆಕೆಯಲ್ಲಿ ಅದನ್ನು ತೊಟ್ಟವರ ಪಾಡು ಕೇಳುವುದೇ ಬೇಡ. ಪಿಸ್ತೂಲು ಆರಿಸಿದವರಿಗೆ ಚಪ್ಪಟೆ ಅಟ್ಟೆಯ ಬೂಟುಗಳು ಸಾಕು.