ಹೃದಯ ಶಸ್ತ್ರಚಿಕಿತ್ಸೆಯ ಸಂಶೋಧನೆ: ದಾಖಲೆಗಳ ಅಧ್ಯಯನವೋ, ಯಾದೃಚ್ಛಿಕ ಪ್ರಯೋಗವೋ?

ಆಸ್ಪತ್ರೆಯ ದಾಖಲೆಗಳನ್ನು ಆಧರಿಸಿದ ಅಧ್ಯಯನದಲ್ಲಿ ಕಡಿಮೆ ವೆಚ್ಚಕ್ಕೆ ಸಾವಿರಾರು ರೋಗಿಗಳ ಮಾಹಿತಿ ದೊರೆಯುತ್ತದೆ. ಅಪರೂಪದ ತೊಡಕುಗಳನ್ನು ಗುರುತಿಸಲು ಇದೇ ಸೂಕ್ತ. ಆದರೆ ಚಿಕಿತ್ಸೆಗಳ ಪರಿಣಾಮವನ್ನು ಹೋಲಿಸಲು ಹೊರಟಾಗ ಇದು ದಾರಿ ತಪ್ಪಿಸಬಲ್ಲದು. ಹೃದಯ ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಪಡೆದವರಲ್ಲಿ ಸಾವು ಹೆಚ್ಚೆಂದು ಇಂತಹ ಅಧ್ಯಯನಗಳು ತೋರಿಸಿದ್ದವು. ಹೆಚ್ಚು ಅಸ್ವಸ್ಥರಾದವರಿಗೇ ಹೆಚ್ಚು ರಕ್ತ ಕೊಡುವುದರಿಂದ, ಕಾರಣ ರಕ್ತವೋ ರೋಗವೋ ಎಂಬುದನ್ನು ಅವುಗಳಿಂದ ಬೇರ್ಪಡಿಸಲಾಗದು. ರೋಗಿಗಳನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ವಿಂಗಡಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಟ್ರಿಕ್ಸ್-3 ಪ್ರಯೋಗದಲ್ಲಿ, ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್‌ಗೆ 7.5 ಗ್ರಾಂಗಿಂತ ಇಳಿದಾಗ ಮಾತ್ರ ರಕ್ತ ಕೊಡುವ ಕ್ರಮವು ಅಷ್ಟು ಇಳಿಯುವ ಮೊದಲೇ ಕೊಡುವ ಉದಾರ ಕ್ರಮಕ್ಕಿಂತ ಕೀಳಲ್ಲವೆಂದು ತಿಳಿದುಬಂತು, ಮೇಲೆಂದೇನೂ ಸಾಬೀತಾಗಲಿಲ್ಲ.

ಪ್ರಯೋಗಕ್ಕೆ ಹಣ, ಕಾಲ ಎರಡೂ ಹೆಚ್ಚು ಬೇಕು. ತೀವ್ರ ನಿಗಾ ಘಟಕದಲ್ಲಂತೂ ಪ್ರಜ್ಞೆಯಿಲ್ಲದವರ ಪರವಾಗಿ ಬಂಧುಗಳ ಸಮ್ಮತಿ ಪಡೆಯುವುದೇ ಕಷ್ಟ. ಆದರೂ ಚಿಕಿತ್ಸಾಕ್ರಮವನ್ನೇ ಬದಲಿಸಬೇಕಾದ ಪ್ರಶ್ನೆಯಿದ್ದರೆ ಪ್ರಯೋಗವನ್ನೇ ಆರಿಸಿಕೊಳ್ಳುವುದು ಲೇಸು.